ಹೊಲಿಗೆ ತಪ್ಪಿದ ಇಂಜಿನ್

ಟೇಲರಮ್ಮನನ್ನೇ ಕೇಳಿದರೆ, ಅವಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಂದು ಲೋಟ ಟೀ ಆರುವುದರೊಳಗೆ ಕಾರಿನ ಇಂಜಿನ್ ಬಿಚ್ಚಿ ಮತ್ತೆ ಜೋಡಿಸಿದವಳು. ಆಗ ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ಅರ್ಧ ಹೊಲಿದ ಪೈಜಾಮ ಇತ್ತಂತೆ. ಬಟ್ಟೆ ಕೊಡಲು ಬಂದವರಿಗೆಲ್ಲ ಅವಳು ಈ ಕಥೆ ಹೇಳುತ್ತಾಳೆ. ಅಳತೆ ತೆಗೆಯುವಾಗಲೇ ಹೇಳುವುದರಿಂದ ಯಾರೂ ಎದ್ದು ಓಡುವ ಹಾಗಿಲ್ಲ, ಕುತ್ತಿಗೆಗೆ ಟೇಪು ಸುತ್ತಿರುತ್ತದೆ. ಕೊನೆಗೆ ಟೇಪು ಸಡಿಲಿಸುತ್ತಾ, "ಅರ್ಧ ಸುಳ್ಳು ಕಣ್ರೀ," ಎಂದು ತಾನೇ ಒಪ್ಪಿಕೊಳ್ಳುತ್ತಾಳೆ. ಯಾವ ಅರ್ಧ ಎಂದು ಮಾತ್ರ ಬಾಯಿ ಬಿಡುವುದಿಲ್ಲ.

ಕಣ್ಣಿಗೆ ಬಟ್ಟೆ ಕಟ್ಟಿರಲಿಲ್ಲ. ಟೀ ಒಂದು ಲೋಟವಲ್ಲ, ಒಂದು ಕೊಳದಷ್ಟು ಆರಿತ್ತು. ಪೈಜಾಮದ ಮಾತು ಪೂರ್ತಿ ಬೊಗಳೆ. ಆದರೆ ಇಂಜಿನ್ನಿನ ಹೊಟ್ಟೆ ಬಿಚ್ಚಿದ್ದು ಅವಳೇ, ಮುಚ್ಚಿದ್ದೂ ಅವಳೇ. ಮೂರನೇ ತರಗತಿಗೆ ಶಾಲೆ ಬಿಟ್ಟವಳು, ಅರವತ್ಮೂರರ ವಯಸ್ಸಿನಲ್ಲಿ.

ಕಾರಿಗೆ ಅವಳಿಟ್ಟ ಹೆಸರು ಆಮೆ. ಬೆನ್ನು ಗುಂಡಗೆ, ಬಣ್ಣ ಪಾಚಿ ಹಸಿರು, ನಡಿಗೆ ಹೆಸರಿಗೆ ತಕ್ಕ ಹಾಗೆ. ಗಂಡ ಇದ್ದಾಗ ಅದು ಬಾಡಿಗೆ ಓಡುತ್ತಿತ್ತು. ಅವನು ತೀರಿಕೊಂಡ ಮೇಲೆ ಇನ್ನೇನು ಮಾರಿಬಿಡುತ್ತಾಳೆ ಎಂದು ಎಲ್ಲರೂ ಅಂದುಕೊಳ್ಳುತ್ತಿದ್ದಾಗ, ಅವಳು ಐವತ್ತೆರಡನೇ ವಯಸ್ಸಿನಲ್ಲಿ ತಾನೇ ಸ್ಟೀರಿಂಗ್ ಹಿಡಿದಳು. ಮೊದಲ ವಾರ ಒಂದು ಗೇಟು, ನಾಲ್ಕು ಹೂಕುಂಡ, ಒಂದು ಸೈಕಲ್ಲು ಅಪ್ಪಚ್ಚಿಯಾದವು. ಎರಡನೇ ವಾರದಿಂದ ಆ ಬೀದಿಯ ಜನ ರಸ್ತೆ ದಾಟುವ ಮೊದಲು ಎರಡೂ ಕಡೆ ನೋಡುವುದನ್ನು ಕಲಿತರು. ಈಗ ಹನ್ನೊಂದು ವರ್ಷ ಆಯಿತು. ಆಸ್ಪತ್ರೆಯ ನರ್ಸುಗಳ ಬಟ್ಟೆ, ಶಾಲೆಯ ಮಕ್ಕಳ ಸಮವಸ್ತ್ರ, ಎಲ್ಲವನ್ನೂ ಹೊಲಿದು ಗಂಟು ಕಟ್ಟಿ, ಆಮೆಯ ಹಿಂದಿನ ಸೀಟಿನಲ್ಲಿ ಪೇರಿಸಿ ತಾನೇ ತಲುಪಿಸುತ್ತಾಳೆ. ಅವಳ ಮಂಡಿಗಳೋ, ಎರಡು ಬೀದಿ ನಡೆದರೆ ಮುಷ್ಕರ ಹೂಡುವ ಜಾತಿಯವು. ಆಮೆ ಇಲ್ಲದಿದ್ದರೆ ಅವಳಿಗೆ ಉಳಿಯುವುದು ಎರಡೇ ಜಾಗ: ಅಂಗಡಿಯ ಕುರ್ಚಿ, ಮೈದುನನ ಸ್ಕೂಟರಿನ ಹಿಂದಿನ ಸೀಟು. ಕುರ್ಚಿಯ ಬಗ್ಗೆ ಅವಳಿಗೇನೂ ತಕರಾರಿರಲಿಲ್ಲ.

ಆ ವರ್ಷದ ವಾಹನ ತಪಾಸಣೆಯಲ್ಲಿ ಆಮೆ ಮಾನ ಕಳೆಯಿತು.

ತಪಾಸಣೆಯ ಮೈದಾನದಲ್ಲಿ ಸಿಮೆಂಟಿನ ಒಂದು ಏರು ಇದೆ. ಅರ್ಧ ಹತ್ತಿದ ಮೇಲೆ ನಿಲ್ಲಿಸಿ, ಇಂಜಿನ್ ಆರಿಸಿ, ಮತ್ತೆ ಚಾಲು ಮಾಡಿ, ಹಿಂದಕ್ಕೆ ಜಾರದೆ ತುದಿ ಮುಟ್ಟಬೇಕು. ಆಮೆ ಅರ್ಧ ಹತ್ತುವುದರಲ್ಲೇ ಕೆಮ್ಮಿತು. ಕಾರ್ಬ್ಯುರೇಟರಿನಿಂದ ಒಂದು ಸೀನು ಸೀನಿತು. ಇಂಜಿನ್ನಿನ ಮೂತಿಯಿಂದ ಝಲ್ ಝಲ್ ಎಂದು ಎಂಥ ಸದ್ದು ಬಂತೆಂದರೆ, ಇಡೀ ಪಾತ್ರೆ ಅಂಗಡಿಯೇ ಮೆಟ್ಟಿಲಿಳಿದು ಓಡಿ ಬಂದ ಹಾಗೆ. ಸರದಿಯಲ್ಲಿ ಹಿಂದೆ ನಿಂತಿದ್ದ ಲಾರಿಯವನು, ಅಷ್ಟು ದೊಡ್ಡ ಲಾರಿ ಇಟ್ಟುಕೊಂಡು, ಹೆದರಿ ಹತ್ತು ಮಾರು ಹಿಂದೆ ಸರಿದ. ಆಮೆ ನಿಂತೇಹೋಯಿತು.

ತಪಾಸಣೆಯ ಅಧಿಕಾರಿ ತೆಳ್ಳಗಿನ ಮನುಷ್ಯ. ನಗು ಅವನ ಮುಖಕ್ಕೆ ಎಂದೋ ರಾಜೀನಾಮೆ ಕೊಟ್ಟು ಹೋಗಿತ್ತು.

"ಅಮ್ಮಾ, ಹದಿನೈದು ದಿನ ಟೈಮ್ ಕೊಡ್ತೀನಿ," ಎಂದ. "ಇನ್ನೊಂದ್ಸಲ ಹೀಗೇ ಆದ್ರೆ ನಂಬರ್ ಪ್ಲೇಟ್ ಇಲ್ಲೇ ಕಳಚ್ತೀವಿ. ಗಾಡಿ ಸೀದಾ ಗುಜರಿಗೆ."

"ನನ್ನನ್ನೂ ಅದ್ರಲ್ಲೇ ಕೂರಿಸಿ ಕಳಿಸ್ತೀರೋ, ಇಳಿಸಿ ಕಳಿಸ್ತೀರೋ?"

ಅಧಿಕಾರಿ ಮುಂದಿನ ಗಾಡಿಯನ್ನು ಕರೆದ.

ಆಮೆಯನ್ನು ಹಗ್ಗ ಕಟ್ಟಿ ಮನೆಗೆ ಎಳೆದು ತಂದವನು ಮೈದುನ, ಗಂಡನ ತಮ್ಮ. ಸ್ವಂತ ಗ್ಯಾರೇಜು ಇಟ್ಟವನು. ಕೈಗೆ ಎಣ್ಣೆ ಹತ್ತಿಸಿಕೊಳ್ಳದೆ, ಬಾನೆಟ್ಟಿನ ಮೇಲೆ ಎರಡೇ ಬೆರಳಿಟ್ಟು ರೋಗ ಹೇಳುವವನಾದ್ದರಿಂದ ಅವನಿಗೆ ಡಾಕ್ಟರ್ ಎಂದೇ ಹೆಸರು. ಈಗಲೂ ಎರಡು ಬೆರಳಿಟ್ಟ. ಚಾಲು ಮಾಡಿಸಿದ. ಕಣ್ಣು ಮುಚ್ಚಿದ. ಕಣ್ಣು ತೆರೆದ.

"ಅತ್ತಿಗೆ, ಕೆಳಗಿನ ಬೇರಿಂಗ್ ಹೋಗಿದೆ. ಇಂಜಿನ್ ಮುಗೀತು."

"ಎರಡು ಬೆರಳಿಗೇ ಇಷ್ಟು ಗೊತ್ತಾಯ್ತಾ? ಐದೂ ಇಟ್ಟಿದ್ರೆ ನಾನು ಸಾಯೋ ದಿನಾನೂ ಹೇಳ್ಬಿಡ್ತಿದ್ಯೇನೋ."

"ತಮಾಷೆ ಬಿಡಿ. ನನ್ನ ಹತ್ರ ಒಂದು ವ್ಯಾನಿನ ಇಂಜಿನ್ ಬಿದ್ದಿದೆ. ಅದನ್ನೇ ಇಳಿಸಿ ಕೂರಿಸ್ಬಿಡೋಣ. ಬೇಡ ಅಂದ್ರೆ ಗುಜರಿ. ಮೂರನೇ ದಾರಿ ಇಲ್ಲ."

"ಆಮೆಗೆ ಕತ್ತೆ ಗುಂಡಿಗೆ ಹಾಕ್ತೀನಿ ಅಂತೀಯ. ಅದು ಆಮೇಲೆ ಒದೆಯೋಕೆ ಶುರು ಮಾಡಿದ್ರೆ?"

"ಮತ್ತೇನು ಅಂತೀರಾ ನೀವು?"

ಟೇಲರಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡಳು. "ಇದು ಹೊಲಿಗೆ ತಪ್ಪಿಸ್ತಿದೆ."

ಮೈದುನ ನಕ್ಕಿದ್ದು ನೋಡಬೇಕಿತ್ತು. ಎದುರು ಮನೆಯ ಕಿಟಕಿಯ ಗಾಜು ಅದುರಿತು. "ಅತ್ತಿಗೇ, ಇದು ಹೊಲಿಗೆ ಮಷೀನ್ ಅಲ್ಲ!"

"ಅಲ್ಲ ಅಂತ ನಿಂಗ್ಯಾರು ಹೇಳಿದ್ದು?"

ಅವಳ ಲೆಕ್ಕ ಹೀಗಿತ್ತು. ಹೊಲಿಗೆ ಮಷೀನಿನಲ್ಲಿ ಮೇಲಿನಿಂದ ಸೂಜಿ ಇಳಿಯುತ್ತದೆ, ಕೆಳಗೆ ಶಟಲ್ಲು ಸುತ್ತುತ್ತದೆ. ಸೂಜಿ ಇಳಿದು ಏಳುವ ಗಳಿಗೆಗೆ ಸರಿಯಾಗಿ ಶಟಲ್ಲು ಬಂದು ದಾರ ಹಿಡಿಯಬೇಕು. ಒಂದು ಕೂದಲಷ್ಟು ತಡವಾದರೂ ಹೊಲಿಗೆ ತಪ್ಪುತ್ತದೆ. ಇಂಜಿನ್ನಿನಲ್ಲೂ ಅದೇ ಸಂಸಾರ. ಪಿಸ್ಟನ್ ಏರಿಳಿಯುತ್ತದೆ, ಅದರ ಗಳಿಗೆಗೆ ಸರಿಯಾಗಿ ವಾಲ್ವುಗಳು ತೆರೆದು ಮುಚ್ಚಬೇಕು. ಪಿಸ್ಟನ್ನಿನ ಜೊತೆ ಸುತ್ತುವ ಕೆಳಗಿನ ಕ್ರ್ಯಾಂಕಿಗೂ ವಾಲ್ವು ತೆರೆಸುವ ಮೇಲಿನ ಕ್ಯಾಮಿಗೂ ಒಂದೊಂದು ಹಲ್ಲಿನ ಚಕ್ರ, ಎರಡನ್ನೂ ಕಟ್ಟಿ ಓಡಿಸುವುದು ಟೈಮಿಂಗ್ ಚೈನು. ಆ ಚೈನು ಸವೆದು ಜೋಲು ಬಿದ್ದರೆ ವಾಲ್ವು ತಡವಾಗಿ ಏಳುತ್ತದೆ, ಒಳಗೆ ಹೋಗಬೇಕಾದ ಪೆಟ್ರೋಲು ಸೀನಿ ಹೊರಗೆ ಬರುತ್ತದೆ. ಇದನ್ನು ಅವಳಿಗೆ ಹೇಳಿಕೊಟ್ಟವನು ಗಂಡನೇ. ಸೂಜಿ ಶಟಲ್ಲು ಎಂದು ಹೇಳದಿದ್ದರೆ ಇವಳು ಕಿವಿಯನ್ನೇ ಕೊಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ, ಅಂಗಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಅವಳು ಬಟ್ಟೆ ಅಳೆಯುವ ಮರದ ಗಜಕೋಲು ತಂದಳು. ಇಂಜಿನ್ ಚಾಲು ಮಾಡಿ, ಕೋಲಿನ ಒಂದು ತುದಿಯನ್ನು ಇಂಜಿನ್ನಿನ ಹೊಟ್ಟೆಯ ಕೆಳಗೆ ಊರಿ, ಇನ್ನೊಂದನ್ನು ಕಿವಿಗೆ ಒತ್ತಿಕೊಂಡಳು. ಒಳಗೆ ಎಣ್ಣೆ ಹರಿಯುವ ಸದ್ದು, ಅಷ್ಟೇ. ಬೇರಿಂಗು ಹೋಗಿದ್ದರೆ ಅಲ್ಲಿ ಯಾರೋ ಸುತ್ತಿಗೆಯಲ್ಲಿ ಗುದ್ದುತ್ತಿರಬೇಕಿತ್ತು. ಕೋಲನ್ನು ಚೈನು ಮುಚ್ಚಿರುವ ಮುಂದಿನ ಮುಚ್ಚಳದ ಮೇಲಿಟ್ಟಳು. ಅಬ್ಬಬ್ಬಾ! ಒಳಗೆ ಗುಂಡಿ ಡಬ್ಬಿಯನ್ನು ಯಾರೋ ಕುಲುಕಿದ ಹಾಗೆ. ಕಿವಿಯಲ್ಲಿದ್ದ ಓಲೆ ಕೂಡ ಝಲ್ಲೆಂದಿತು.

ಅಷ್ಟರಲ್ಲಿ ಮೈದುನ ವ್ಯಾನಿನ ಇಂಜಿನ್ನಿನ ಮಾತು ತೆಗೆಯಲು ಬಂದ.

"ಬಂದವನು ಕಂಬದ ಹಾಗೆ ನಿಲ್ಬೇಡ. ಇಂಜಿನ್ ಆರಿಸಿದೀನಿ. ಕ್ರ್ಯಾಂಕಿನ ತುದೀಲಿರೋ ಆ ಪುಲಿ ಮಧ್ಯದ ನಟ್ಟಿಗೆ ಸ್ಪ್ಯಾನರ್ ಹಾಕಿ ನಾನು ಹೇಳಿದ ಹಾಗೆ ತಿರುಗಿಸು."

"ನಾನು ಮೂವತ್ತು ವರ್ಷದಿಂದ ಮೆಕ್ಯಾನಿಕ್ಕು ಅತ್ತಿಗೆ."

"ಹಾಗಾದ್ರೆ ತಿರುಗಿಸೋಕೆ ಬರುತ್ತೆ ಅಂತಾಯ್ತು. ತಿರುಗಿಸು."

ಅವಳು ಪ್ಲಗ್ಗುಗಳನ್ನು ಕಳಚಿ, ಅವಕ್ಕೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ರೋಟರನ್ನೇ ನೋಡುತ್ತಾ ಬಾಗಿದಳು. ರೋಟರ್ ತಿರುಗುವುದು ಕ್ಯಾಮಿನ ಬಲದಿಂದ. ಕ್ಯಾಮು ತಿರುಗುವುದು ಚೈನಿನ ಬಲದಿಂದ. ಚೈನಿನಲ್ಲಿ ಜೋಲು ಇದ್ದರೆ ಕೆಳಗಿನ ಪುಲಿ ತಿರುಗಿದರೂ ರೋಟರ್ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.

"ಮುಂದಕ್ಕೆ... ಇನ್ನೂ... ನಿಲ್ಲು!" ರೋಟರ್ ಕದಲಿತ್ತು. ಅವಳು ಪುಲಿಯ ಅಂಚಿಗೆ ಬಟ್ಟೆ ಗುರುತಿಸುವ ಸೀಮೆಸುಣ್ಣದಿಂದ ಗೆರೆ ಎಳೆದಳು. "ಈಗ ಹಿಂದಕ್ಕೆ. ಮೆತ್ತಗೆ. ಮೆತ್ತಗೆ ಅಂದೆ, ಅದೇನು ನಿನ್ನ ಶತ್ರು ಕುತ್ತಿಗೆಯಾ?"

ಪುಲಿ ಹಿಂದಕ್ಕೆ ಹೊರಟಿತು. ರೋಟರ್ ಕದಲಲಿಲ್ಲ. ಇನ್ನೂ ಹಿಂದಕ್ಕೆ. ರೋಟರ್ ಮಧ್ಯಾಹ್ನದ ನಿದ್ದೆಯಲ್ಲಿತ್ತು. ಕೊನೆಗೊಮ್ಮೆ ಮೈ ಮುರಿದು ಎದ್ದಿತು.

"ನಿಲ್ಲು!" ಎರಡನೇ ಗೆರೆ. ಕುತ್ತಿಗೆಯ ಟೇಪು ಕೆಳಗಿಳಿಯಿತು. "ನೋಡು ಬಾ ಡಾಕ್ಟ್ರೇ. ಎರಡು ಎಳೆ ದಾರದಷ್ಟು ಇರ್ಬೇಕಾದ ಕಡೆ ಅರ್ಧ ಇಂಚು. ಇಷ್ಟು ಸಡಿಲ ಬಿಟ್ಟು ನಾನು ಲಂಗ ಹೊಲಿದ್ರೆ ಹುಡುಗಿ ಬೀದೀಲಿ ನಡೆಯೋ ಹಾಗಿಲ್ಲ."

ಮೈದುನ ಬಗ್ಗಿ ನೋಡಿದ. ಮೀಸೆ ಸವರಿದ. "ಡಿಸ್ಟ್ರಿಬ್ಯೂಟರ್ ಒಳಗೇ ಸವೆದಿರಬಹುದು."

ಅವಳು ರೋಟರನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಅದು ಬಿಗಿಯಾಗಿತ್ತು. "ಎರಡು ಬೆರಳು ಇಡೋದು ನಂಗೂ ಬರುತ್ತಪ್ಪ."

"ಸರಿ, ಚೈನೇ ಅಂತ ಇಟ್ಕೊಳ್ಳಿ." ಅವನ ದನಿ ಒಂದು ಮೆಟ್ಟಿಲು ಇಳಿದಿತ್ತು. "ಇಷ್ಟು ಹಳೇ ಗಾಡಿ ಚೈನ್ ಈಗ ಎಲ್ಲೂ ಸಿಗಲ್ಲ. ಸಿಕ್ಕಿದ್ರೂ ರೇಡಿಯೇಟರ್ ಇಳಿಸ್ಬೇಕು, ಪುಲಿ ಬಿಚ್ಬೇಕು, ಮುಚ್ಚಳ ತೆಗೀಬೇಕು. ನನ್ನ ಗ್ಯಾರೇಜಲ್ಲಿ ಒಂದು ತಿಂಗಳು ತಲೆ ಕೆರ್ಕೊಳ್ಳೋಕೆ ಪುರುಸೊತ್ತಿಲ್ಲ."

"ನಿನ್ನ ತಲೆ ನೀನು ಕೆರ್ಕೊಳ್ಳಪ್ಪ. ಇಂಜಿನ್ ನಾನು ಬಿಚ್ತೀನಿ."

"ಬಿಚ್ಚೋದು ಯಾರಾದ್ರೂ ಬಿಚ್ತಾರೆ."

"ಜೋಡಿಸೋದನ್ನ ನೋಡೋಕೆ ಬಾ. ಕುರ್ಚಿ ಹಾಕಿಸ್ತೀನಿ."

ಬಿಡಿಭಾಗದ ಅಂಗಡಿ ಇದ್ದದ್ದು ಒಂದೇ ಬೀದಿಯಾಚೆ, ಬಸ್ ನಿಲ್ದಾಣದ ಹಿಂದಿನ ಇಕ್ಕಟ್ಟು ಗಲ್ಲಿಯಲ್ಲಿ. ಅಂಗಡಿಯ ಮುದುಕನಿಗೆ ಕಿವಿ ಮಂದ, ಕಣ್ಣು ಮಂದ, ನಾಲಿಗೆ ಮಾತ್ರ ಹೊಸ ಬ್ಲೇಡು.

"ಚೈನಾ? ಕುತ್ತಿಗೆಗಾ ಕಾರಿಗಾ?"

"ಕುತ್ತಿಗೆಗೆ ಕೇಳೋ ವಯಸ್ಸಲ್ಲಿ ನಿನ್ನ ಅಂಗಡಿಗೆ ಬರ್ತಿದ್ನಾ? ಕಾರಿಗೆ."

ಮುದುಕ ಏಣಿ ಹತ್ತಿದ. ಎಷ್ಟು ಹೊತ್ತು ಮೇಲಿದ್ದನೆಂದರೆ, ಅವಳು ಹೊರಗೆ ಹೋಗಿ ಟೀ ಕುಡಿದು ಬಂದರೂ ಅವನ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. ಕೊನೆಗೆ ಧೂಳಿನ ಮೋಡದೊಂದಿಗೆ ಇಳಿದು ಬಂದ. ಕೈಯಲ್ಲಿ ಎಣ್ಣೆಕಾಗದದ ಪೊಟ್ಟಣ. ಒಳಗೆ ಚೈನು, ಹಲ್ಲಿನ ಚಕ್ರಗಳೆರಡು, ಚೈನನ್ನು ಬಿಗಿಯಾಗಿ ಒತ್ತಿ ಹಿಡಿಯುವ ಟೆನ್ಷನರ್.

"ಇದೊಂದೇ ಉಳಿದಿದ್ದು. ಇಪ್ಪತ್ತು ವರ್ಷದಿಂದ ಯಾರೂ ಕೇಳಿಲ್ಲ. ಮುಚ್ಚಳಕ್ಕೆ ಹಾಕೋ ಪ್ಯಾಕಿಂಗ್ ಮಾತ್ರ ಇಲ್ಲಮ್ಮ. ಅದಿಲ್ಲದೆ ಎಣ್ಣೆ ಸೋರುತ್ತೆ."

"ಪ್ಯಾಕಿಂಗ್ ಹಾಳೆ ಇದ್ಯಾ? ಕತ್ತರಿಸದೇ ಇರೋದು?"

"ಹಾಳೆ ಇದೆ. ಕತ್ತರಿಸೋರು ಯಾರು?"

ಟೇಲರಮ್ಮ ಅವನನ್ನು ಎಷ್ಟು ಹೊತ್ತು ನೋಡಿದಳೆಂದರೆ, ಮುದುಕ ಹಾಳೆಯನ್ನು ಸುರುಳಿ ಸುತ್ತಿ ಕೊಟ್ಟ.

ಬಿಚ್ಚುವ ಕೆಲಸ ಒಂದು ಹಗಲು ತಿಂದಿತು. ರೇಡಿಯೇಟರಿನ ನೀರು ಬಿಟ್ಟಳು, ಅದನ್ನು ಇಳಿಸಿದಳು, ಫ್ಯಾನು ಬೆಲ್ಟು ತೆಗೆದಳು. ಕಳಚಿದ ನಟ್ಟು ಬೋಲ್ಟುಗಳನ್ನೆಲ್ಲ ಹಳೆಯ ಗುಂಡಿ ಡಬ್ಬಿಗಳಲ್ಲಿ ಹಾಕಿ, ಮೇಲೆ ಬೇರೆ ಯಾರಿಗೂ ಓದಲು ಬಾರದ ತನ್ನದೇ ಲಿಪಿಯಲ್ಲಿ ಗುರುತು ಬರೆದಳು. ಪುಲಿಯ ನಡುವಿನ ದೊಡ್ಡ ನಟ್ಟು ಮಾತ್ರ ಹಠ ಹಿಡಿಯಿತು. ಗಾಡಿಯನ್ನು ಗಿಯರಿನಲ್ಲಿ ಬಿಟ್ಟು, ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಸ್ಪ್ಯಾನರಿಗೆ ಉದ್ದದ ಕೊಳವೆ ತೂರಿಸಿ ಎಳೆದಳು. ಬರಲಿಲ್ಲ. ಬೈದಳು. ಬರಲಿಲ್ಲ. ಕೊನೆಗೆ ಕೊಳವೆಯ ತುದಿಯ ಮೇಲೆ ತಾನೇ ಹತ್ತಿ ನಿಂತಳು. ಅವಳ ತೂಕ ಎಷ್ಟೆಂದು ಕೇಳಬಾರದು, ತೂಕದ ಯಂತ್ರಗಳೇ ಆ ಗುಟ್ಟನ್ನು ಕಾಪಾಡಿಕೊಂಡು ಬಂದಿವೆ. ಪಟ್ ಎಂದು ನಟ್ಟು ಸೋತಿತು. ಟೇಲರಮ್ಮ ನರ್ಸುಗಳ ಬಟ್ಟೆಗಂಟಿನ ಮೇಲೆ ಅಂಗಾತ ಬಿದ್ದು, ಅಲ್ಲಿಂದಲೇ, "ಸಿಕ್ಕಿದ್ಯಾ ಮಗನೇ!" ಎಂದು ಕೂಗಿದಳು. ಬೀದಿಯಲ್ಲಿ ಹೋಗುತ್ತಿದ್ದವರು ಒಳಗೆ ಕಳ್ಳ ಸಿಕ್ಕಿದ್ದಾನೆಂದುಕೊಂಡರು.

ಮುಚ್ಚಳ ಬಿಚ್ಚಿದಾಗ ಒಳಗೆ ಎಲ್ಲ ಸಾಕ್ಷಿಯೂ ಇತ್ತು. ಚೈನು ಬಡಿದು ಬಡಿದು ಮುಚ್ಚಳದ ಒಳಮೈಯಲ್ಲಿ ಬೆಳ್ಳಿಯ ಗೆರೆ ಕೊರೆದಿತ್ತು. ಚಕ್ರದ ಹಲ್ಲುಗಳು ಕೊಕ್ಕೆಯ ಹಾಗೆ ಬಾಗಿದ್ದವು. ಟೆನ್ಷನರಿನ ರಬ್ಬರಿನಲ್ಲಿ ಬೆರಳು ಹೂತುಹೋಗುವಷ್ಟು ಹಳ್ಳ. ಅವಳು ಕ್ರ್ಯಾಂಕನ್ನು ನಿಧಾನಕ್ಕೆ ತಿರುಗಿಸಿ ಎರಡು ಚಕ್ರದ ಚುಕ್ಕಿಗಳು ಮುಖಾಮುಖಿ ಬರುವ ಹಾಗೆ ನಿಲ್ಲಿಸಿದಳು. ದೊಡ್ಡ ಚಕ್ರದಲ್ಲೊಂದು ಚುಕ್ಕಿ, ಸಣ್ಣ ಚಕ್ರದಲ್ಲೊಂದು ಚುಕ್ಕಿ. ಒಂದರ ಕಣ್ಣಲ್ಲಿ ಒಂದು ಕಣ್ಣಿಟ್ಟು ಕೂತರೆ ಪಿಸ್ಟನ್ನೂ ವಾಲ್ವೂ ಹೊಂದಿಕೊಂಡವು ಎಂದು ಅರ್ಥ. ಆಮೇಲೆ ಹಳೆಯದನ್ನೆಲ್ಲ ಕಳಚಿ, ಗೋಡೆಯ ಒಂದೇ ಮೊಳೆಗೆ ಹಳೆ ಚೈನು, ಹೊಸ ಚೈನು ಎರಡನ್ನೂ ನೇತುಹಾಕಿದಳು. ಹಳೆಯದು ಅರ್ಧ ಕೊಂಡಿಯಷ್ಟು ಕೆಳಗೆ ಇಳಿದಿತ್ತು.

ಮೈದುನ ಬಂದ. ಕುರ್ಚಿ ನಿಜವಾಗಿಯೂ ಹಾಕಿತ್ತು. ಕೂತ.

"ಇದನ್ನ ನೋಡು," ಎಂದಳು ಅವಳು ಮೊಳೆಯ ಕಡೆ ಕೈ ತೋರಿಸಿ. "ನಿನ್ನ ಬೇರಿಂಗು ಅಲ್ಲಿ ನೇತಾಡ್ತಿದೆ."

"ಆಯ್ತು ಒಪ್ಕೊಂಡೆ. ಚೈನೇ ಹೋಗಿತ್ತು." ಅವನು ಕಾಲ ಮೇಲೆ ಕಾಲು ಹಾಕಿದ. "ಆದ್ರೆ ಟೈಮಿಂಗ್ ಕೂರಿಸೋದು ಅಂದ್ರೆ ಗುಂಡಿ ಹಾಕೋದಲ್ಲ ಅತ್ತಿಗೆ. ಒಂದು ಹಲ್ಲು ಆಚೀಚೆ ಆದ್ರೆ ವಾಲ್ವು ಹೋಗಿ ಪಿಸ್ಟನ್‌ಗೆ ಹೊಡೆಯುತ್ತೆ. ಆಮೇಲೆ ನಿಮ್ಮ ಆಮೆ, ಬರೀ ಚಿಪ್ಪು. ನನ್ನ ಗ್ಯಾರೇಜಿನ ಹುಡುಗರೇ ಕೈ ಇಡೋಕೆ ಹೆದರ್ತಾರೆ. ಅಣ್ಣ ಇದ್ದಿದ್ರೆ ನಿಮ್ಮ ಕೈಗೆ ಸ್ಪ್ಯಾನರ್ ಕೊಡ್ತಿದ್ನಾ?"

ಆ ಕೊನೆಯ ಮಾತು ಅವಳಿಗೆ ನಾಟಿತು. ಯಾಕೆಂದರೆ ಅದು ನಿಜ. ಗಂಡ ಎಲ್ಲವನ್ನೂ ಹೇಳಿಕೊಟ್ಟಿದ್ದ, ಮುಟ್ಟಲು ಮಾತ್ರ ಬಿಟ್ಟಿರಲಿಲ್ಲ. ಅವಳು ತುಟಿ ಕಚ್ಚಿಕೊಂಡು ಹೊಸ ದೊಡ್ಡ ಚಕ್ರವನ್ನು ಕೈಗೆತ್ತಿಕೊಂಡಳು. ಚುಕ್ಕಿ ಸರಿಯಾಗಿ ಕಾಣಲೆಂದು ಅದರ ಮೇಲೆ ಸೀಮೆಸುಣ್ಣ ಉಜ್ಜಿದಳು. ಸಿಟ್ಟು ತಲೆಯಲ್ಲಿತ್ತು, ಕೆಲಸ ಕೈಗಳ ಪಾಲಿಗೆ ಬಿತ್ತು. ಕೈಗಳು ನಲವತ್ತು ವರ್ಷದಿಂದ ಏನು ಮಾಡಿಕೊಂಡು ಬಂದಿದ್ದವೋ ಅದನ್ನೇ ಮಾಡಿದವು.

ಚಕ್ರಗಳಿಗೆ ಚೈನು ತೊಡಿಸಿ, ಎರಡನ್ನೂ ಒಟ್ಟಿಗೆ ತಳ್ಳಿ ಕೂರಿಸಿದಳು. ದೊಡ್ಡ ಚಕ್ರದ ತೋಡು ಕ್ಯಾಮಿನ ಕೀಲಿಗೆ ತಕ್ಷಣ ಹೊಂದಲಿಲ್ಲ. ಕ್ಯಾಮನ್ನು ಒಂದಿಷ್ಟು ತಿರುಗಿಸಿದ ಮೇಲೆ ಒಳಗೆ ಹೋಯಿತು. ಬೋಲ್ಟು ಬಿಗಿದಳು. ಟೆನ್ಷನರ್ ಒತ್ತಿ ಕೂರಿಸಿದಳು.

"ಮುಗೀತಾ?" ಎಂದ ಮೈದುನ. "ಮುಚ್ಚಳ ಹಾಕಿ ಚಾಲು ಮಾಡಿ ನೋಡೋಣ."

"ಕೈಚಕ್ರ ತಿರುಗಿಸದೆ ಪೆಡಲ್ ಒತ್ತೋಳಲ್ಲ ನಾನು." ಹೊಸ ಸೂಜಿ ಹಾಕಿದ ಮೇಲೆ ಯಾವ ದರ್ಜಿಯಾದರೂ ಮೊದಲು ಕೈಯಿಂದ ಚಕ್ರವನ್ನು ಎರಡು ಸುತ್ತು ಸುತ್ತಿಸಿ ನೋಡುತ್ತಾನೆ. ಅವಳು ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ತಿರುಗಿಸಿದಳು. ಕಾಲು ಸುತ್ತು ಬೆಣ್ಣೆಯ ಹಾಗೆ ಹೋಯಿತು. ಇನ್ನೂ ಸ್ವಲ್ಪ.

ಠಕ್.

ಸ್ಪ್ಯಾನರ್ ನಿಂತಲ್ಲೇ ನಿಂತಿತು.

"ಹೊಸ ಚೈನು, ಬಿಗಿ ಇರುತ್ತೆ," ಎಂದ ಮೈದುನ ಕುರ್ಚಿಯಿಂದಲೇ. "ಜೋರಾಗಿ ಒತ್ತಿ. ಬೇಕಾದ್ರೆ ನಾನು ಒತ್ತಲಾ?"

"ಕೂತ್ಕೋ!"

ಆ ದನಿಗೆ ಅವನು ಎದ್ದವನು ಕೂತ. ಶೆಡ್ಡಿನ ತಗಡಿನ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು.

"ಬಿಗಿ ಅಂದ್ರೆ ಕೈಗೆ ಭಾರ ಆಗುತ್ತೆ. ಇದು ಭಾರ ಅಲ್ಲ, ಇದು ತಾಗ್ತಿದೆ. ಸೂಜಿ ಹೋಗಿ ಕೆಳಗಿನ ತಗಡಿಗೆ ತಾಗಿದಾಗ ಜೋರಾಗಿ ಒತ್ತೋಳು ದರ್ಜಿ ಅಲ್ಲ, ದರಿದ್ರದೋಳು."

"ಅತ್ತಿಗೆ, ಮೂವತ್ತು ವರ್ಷ ನಾನು..."

"ನೀನು ಮೂವತ್ತು ವರ್ಷ ಒತ್ತಿದೀಯ, ಗೊತ್ತು. ಅದಕ್ಕೇ ನಿನ್ನ ಗ್ಯಾರೇಜಿನ ಹಿಂದೆ ಅಷ್ಟು ದೊಡ್ಡ ಗುಜರಿ ಗುಡ್ಡ ಇರೋದು."

ಕ್ರ್ಯಾಂಕನ್ನು ಮೆಲ್ಲಗೆ ಹಿಂದಕ್ಕೆ ತಂದಳು. ಬೋಲ್ಟು ಬಿಚ್ಚಿದಳು. ದೊಡ್ಡ ಚಕ್ರವನ್ನು ಹೊರಗೆಳೆದು ತಿರುಗಿಸಿ ನೋಡಿದಳು, ನೋಡಿದವಳೇ ನೆಲದ ಮೇಲೆ ಕೂತು ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬಂತು, ಕನ್ನಡಕ ಜಾರಿ ಎಣ್ಣೆ ತಟ್ಟೆಗೆ ಬಿತ್ತು. ಮೈದುನನಿಗೆ ಇವಳಿಗೆ ತಲೆ ಕೆಟ್ಟಿತೋ ಎಂದು ಗಾಬರಿ.

ಬಿಳಿ ಸೀಮೆಸುಣ್ಣದ ಗುರುತು ಚಕ್ರದ ಒಳಮುಖಕ್ಕಿತ್ತು. ದರ್ಜಿಯ ಗುರುತು ಯಾವತ್ತೂ ಬಟ್ಟೆಯ ಒಳಮೈಗೇ. ಸುಣ್ಣದ ಗೆರೆ ಹೊರಗೆ ಕಂಡರೆ ಗಿರಾಕಿ ಬಿಡುವನೇ? ಸಿಟ್ಟಿನಲ್ಲಿದ್ದ ತಲೆ ಬೇಡವೆನ್ನುವ ಮೊದಲೇ ಕೈಗಳು ಚುಕ್ಕಿ ಇದ್ದ ಮುಖವನ್ನು ಒಳಗೆ ತಿರುಗಿಸಿ, ಉಲ್ಟಾ ಹೊಲಿಯುವ ಹಾಗೆ ಚಕ್ರವನ್ನು ಉಲ್ಟಾ ಕೂರಿಸಿದ್ದವು. ಆ ಚುಕ್ಕಿಯ ಹಲ್ಲನ್ನು ಹೆಬ್ಬೆರಳಲ್ಲಿ ಹಿಡಿದು ಸಣ್ಣ ಚಕ್ರಕ್ಕೆ ಎದುರಾಗಿಯೇ ಇಟ್ಟಿದ್ದಳು, ಸರಿ. ಆದರೆ ಮಗುಚಿದ ಚಕ್ರಕ್ಕೆ ಹೊಂದಿಸಲು ಕ್ಯಾಮನ್ನೇ ತಿರುಗಿಸಿದ್ದಳಲ್ಲ, ವಾಲ್ವುಗಳೆಲ್ಲ ದಾರಿ ತಪ್ಪಿದ್ದು ಅಲ್ಲೇ.

"ನಗ್ತಾ ಇದೀರಲ್ಲ ಅತ್ತಿಗೆ, ತಪ್ಪು ನಿಮ್ಮದೇ ತಾನೇ?"

"ನಂದೇ. ಅಪ್ಪಟ ನಂದೇ. ಇಂಥ ತಪ್ಪು ಮಾಡೋಕೂ ನಲವತ್ತು ವರ್ಷ ಕೆಲಸ ಕಲ್ತಿರ್ಬೇಕು." ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಆದ್ರೆ ನಿನ್ನ ಮಾತು ಕೇಳಿ ಒತ್ತಿದ್ರೆ ಆ ತಪ್ಪು ಇಂಜಿನ್ನಿಂದು ಆಗ್ತಿತ್ತು."

ಮೈದುನ ಆ ಹೊತ್ತಿಗೆ ಏನೋ ಕೆಲಸ ನೆನಪಾಯಿತೆಂದು ಎದ್ದು ಹೋದ.

ಅವಳು ಚಕ್ರವನ್ನು ಹೊರಮುಖ ಮಾಡಿ, ಕ್ಯಾಮನ್ನು ಹಿಂದಿನ ಜಾಗಕ್ಕೆ ತಂದು, ಚುಕ್ಕಿಗೆ ಚುಕ್ಕಿ ಎದುರಿಟ್ಟು ಕೂರಿಸಿದಳು. ಈ ಸಲ ತೋಡು ಕೀಲಿಯ ಮೇಲೆ ತಾನಾಗಿ ಜಾರಿತು. ಕೈಯಿಂದ ಎರಡು ಸುತ್ತು ತಿರುಗಿಸಿದಳು. ಎಲ್ಲೂ ತಾಗಲಿಲ್ಲ. ನಂಬಿಕೆ ಬಾರದೆ ಇನ್ನೆರಡು. ಆಮೇಲೆ ಇನ್ನು ಹತ್ತು ಸುತ್ತು, ಅದು ಬರೀ ಖುಷಿಗೆ. ಪ್ಯಾಕಿಂಗ್ ಹಾಳೆಯನ್ನು ಮುಚ್ಚಳದ ಅಂಚಿಗೆ ಒತ್ತಿ, ಅಚ್ಚು ಬಿದ್ದ ಗೆರೆಯ ಮೇಲೆ ದೊಡ್ಡ ಕತ್ತರಿ ಓಡಿಸಿದಳು. ಎಣ್ಣೆ ಹಚ್ಚಿ ಕೂರಿಸಿದರೆ ಅಂಗಿಗೆ ತೋಳು ಹೊಂದಿದ ಹಾಗೆ ಕೂತಿತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ರೇಡಿಯೇಟರು, ಬೆಲ್ಟು, ನೀರು, ಎಲ್ಲ ಸ್ವಸ್ಥಾನ ಸೇರಿದವು. ಗುಂಡಿ ಡಬ್ಬಿಯಲ್ಲಿ ಒಂದು ಬೋಲ್ಟು ಉಳಿದಿತ್ತು. ಅದು ಯಾವುದರದು ಎಂದು ಇವತ್ತಿಗೂ ಗೊತ್ತಾಗಿಲ್ಲ, ಆಮೆಯೂ ಕೇಳಿಲ್ಲ.

ಚಾವಿ ತಿರುಗಿಸಿದಳು. ಎರಡು ಸಲ ಗೊಣಗಿ ಆಮೆ ಎದ್ದಿತು. ಝಲ್ ಝಲ್ ಇಲ್ಲ, ಸೀನು ಇಲ್ಲ. ಎಣ್ಣೆ ಹಾಕಿದ ಹೊಲಿಗೆ ಮಷೀನು ಉದ್ದನೆಯ ಸೀರೆಯ ಅಂಚು ಹೊಲಿಯುವಾಗಿನ ಸದ್ದು, ಅಷ್ಟೇ. ಅವಳು ಬಾನೆಟ್ಟಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತಳು.

ಹದಿನೈದನೆಯ ದಿನ ಬೆಳಿಗ್ಗೆ ಮೈದುನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತ.

"ನೀನ್ಯಾಕಪ್ಪ?"

"ಏರಲ್ಲಿ ನಿಂತುಬಿಟ್ರೆ ತಳ್ಳೋಕೆ ಒಬ್ರು ಬೇಕಲ್ಲ ಅತ್ತಿಗೆ."

ಏರಿನ ನಡುವೆ ಅಧಿಕಾರಿ ಕೈ ಎತ್ತಿದ. ಅವಳು ನಿಲ್ಲಿಸಿದಳು. ಇಂಜಿನ್ ಆರಿಸಿದಳು. ಮೈದಾನದಲ್ಲಿದ್ದ ಲಾರಿಯವರು, ವ್ಯಾನಿನವರು, ಎಲ್ಲ ಕತ್ತು ಚಾಚಿದರು. ಮೈದುನ ಬಾಗಿಲ ಹಿಡಿ ಹಿಡಿದುಕೊಂಡ. ಅವಳು ಚಾವಿ ತಿರುಗಿಸಿದಳು. ಆಮೆ ಒಂದೇ ಸಲಕ್ಕೆ ಎದ್ದು, ಒಂದು ಬೆರಳಷ್ಟೂ ಹಿಂದೆ ಜಾರದೆ, ತಾನು ಹುಟ್ಟಿದ್ದೇ ಏರು ಹತ್ತಲು ಎನ್ನುವ ಹಾಗೆ ತುದಿ ಮುಟ್ಟಿತು. ಇನ್ನೊಂದು ಸ್ವಲ್ಪ ಬಿಟ್ಟಿದ್ದರೆ ಮೋಡವನ್ನೂ ಹತ್ತುತ್ತಿತ್ತು.

ಅಧಿಕಾರಿ ಮೇಜಿನ ಹಿಂದೆ ಕೂತು ಕಾಗದ ತೆಗೆದ. "ದುರಸ್ತಿ ಮಾಡಿದವರ ಹೆಸರು, ವೃತ್ತಿ, ಸಹಿ. ಯಾರು?"

"ಕೊಡಿ ಸರ್," ಎಂದು ಮೈದುನ ಮುಂದೆ ಬಂದ. ಜೇಬಿನಿಂದ ಪೆನ್ನು ಬಂತು, ಪೆನ್ನಿನ ಹಿಂದೆ ಗ್ಯಾರೇಜಿನ ರಬ್ಬರ್ ಮೊಹರೂ ಬಂತು. ಇಸ್ತ್ರಿ ಅಂಗಿಯ ಅರ್ಥ ಟೇಲರಮ್ಮನಿಗೆ ಈಗ ಆಯಿತು.

"ಆ ಮೊಹರು ಜೇಬಿಗೆ ಹಾಕ್ಕೋ."

"ಅತ್ತಿಗೆ, ಎರಡು ನಿಮಿಷದ ಕೆಲಸ. ನಿಮಗೋಸ್ಕರಾನೇ."

"ಹಾಕ್ಕೋ ಅಂದೆ."

ಅಧಿಕಾರಿ ಇಬ್ಬರನ್ನೂ ನೋಡಿದ. "ಅಮ್ಮಾ, ಗ್ಯಾರೇಜಿನವರ ಸಹಿ ಇದ್ರೆ ಈಗ್ಲೇ ಪಾಸ್ ಮಾಡಿ ಕೊಡ್ತೀನಿ. ಇಲ್ಲಾಂದ್ರೆ... ನೀವೇ ಮಾಡಿದ್ದಾ? ನಿಮ್ಮ ವೃತ್ತಿ?"

"ಹೊಲಿಗೆ."

"ಈ ಕಾಗದದ ಮೇಲೆ ಇದುವರೆಗೆ ಯಾರೂ ಹೊಲಿಗೆ ಅಂತ ಬರೆದಿಲ್ಲ. ನಂಗೆ ಫೇಲ್ ಮಾಡ್ಬೇಕಾಗ್ಬಹುದು. ಯೋಚ್ನೆ ಮಾಡಿ. ಒಂದು ಸಹಿಗೋಸ್ಕರ ಗಾಡಿ ಕಳ್ಕೋಬೇಡಿ."

ಅವಳು ಆಮೆಯ ಕಡೆ ನೋಡಿದಳು. ಅದು ಏರಿನ ತುದಿಯಲ್ಲಿ ಬಿಸಿಲಿಗೆ ಬೆನ್ನು ಕಾಯಿಸಿಕೊಂಡು ನಿಂತಿತ್ತು. ಮತ್ತೆ ಕಾಗದದ ಕಡೆ ತಿರುಗಿದಳು.

"ನಂಗೆ ಓದು ಕಡಿಮೆ ಸಾಹೇಬ್ರೇ. ಅಲ್ಲಿ ಏನು ಬರ್ದಿದೆ, ಇನ್ನೊಂದ್ಸಲ ಓದಿ."

"ದುರಸ್ತಿ ಮಾಡಿದವರ ಹೆಸರು."

"ಮಾಡಿದವರು ಅಂತ ತಾನೇ? ಕುರ್ಚಿ ಹಾಕ್ಕೊಂಡು ನೋಡಿದವರು ಅಂತ ಇಲ್ವಲ್ಲ?"

ಸರದಿಯಲ್ಲಿದ್ದ ಒಬ್ಬ ಲಾರಿಯವನು ಹೊಹ್ಹೋ ಎಂದು ನಕ್ಕ. ಮೈದುನನ ಕಿವಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಟೇಲರಮ್ಮ ಅವನ ಕೈಯಿಂದಲೇ ಪೆನ್ನು ಕಿತ್ತುಕೊಂಡು, ಒಂದೊಂದು ಅಕ್ಷರವನ್ನೂ ಕೋಟಿನ ಗುಂಡಿಯಷ್ಟು ದಪ್ಪ ಮಾಡಿ ತನ್ನ ಹೆಸರು ಬರೆದಳು. ಪಕ್ಕದಲ್ಲಿ "ಟೇಲರ್" ಎಂದು ಬರೆದಳು. ಕೆಳಗೆ ಸಹಿ ಹಾಕಿದಳು. ಅದು ಗೆರೆ ದಾಟಿ ಅಧಿಕಾರಿಯ ಸಹಿಯ ಜಾಗಕ್ಕೂ ಕಾಲು ಚಾಚಿತು.

"ಈಗ ನಿಮ್ಮ ಕೆಲಸ ನೀವು ಮಾಡಿ," ಎಂದಳು. "ನನ್ನ ಕೆಲಸ ನಾನು ಮಾಡಿ ಆಯ್ತು."

ಮೇಜಿನ ಮೇಲೆ ಎರಡು ಮೊಹರುಗಳಿದ್ದವು, ಒಂದಕ್ಕೆ ಹಸಿರು ಶಾಯಿ, ಇನ್ನೊಂದಕ್ಕೆ ಕೆಂಪು. ಅಧಿಕಾರಿ ಕಾಗದವನ್ನು ಮೇಲಿನಿಂದ ಕೆಳಗೆ ಓದಿದ. ಮತ್ತೊಮ್ಮೆ ಓದಿದ. ಅವನ ಮುಖದ ಒಂದು ಮೂಲೆ ಸ್ವಲ್ಪ ಅಲುಗಿತು ಎಂದು ಲಾರಿಯವನು ಇಂದಿಗೂ ಆಣೆ ಮಾಡುತ್ತಾನೆ. ಆಮೇಲೆ ಕೈ ಚಾಚಿ ಒಂದು ಮೊಹರನ್ನು ಎತ್ತಿಕೊಂಡ, ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟ, ಢಮ್ಮೆಂದು ಒತ್ತಿದ.

ಯಾವ ಬಣ್ಣದ್ದು? ಎಲ್ಲವನ್ನೂ ಬಿಡಿಸಿ ಹೇಳಿದರೆ ಕೇಳುವವರಿಗೆ ಏನು ಕೆಲಸ? ಇಷ್ಟು ಮಾತ್ರ ನಿಜ: ಬರುವಾಗ ಇಬ್ಬರೂ ಒಂದೇ ಕಾರಿನಲ್ಲಿ ಬಂದವರು, ಹೋಗುವಾಗ ಒಬ್ಬರು ಆಮೆಯಲ್ಲಿ, ಇನ್ನೊಬ್ಬರು ಬಸ್ಸಿನಲ್ಲಿ, ಜನರ ನಡುವೆ ಜೋತುಬಿದ್ದು, ನಿಂತುಕೊಂಡೇ ಮನೆಗೆ ಹೋದರು. ಬಸ್ಸಿನಲ್ಲಿ ಯಾರು ಅಂತೀರಿ? ಹೇಳಿ ನೋಡೋಣ.